ಅಪ್‌ಡೇಟ್: ತಂದೆಯವರಿಗೆ ಮಾರ್ಫಿನ್ ಜೊತೆ ಸ್ಟೀರಾಯ್ಡ್
ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿರುವ ನಮ್ಮ ತಂದೆಯವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೂಡ ಕೊಡಬಹುದೇ ಎಂದು ಹೋದ ತಿಂಗಳು ಮಂಡ್ಯದಿಂದ ಕೇಳಿದ್ದೆ. ಮೈಸೂರಿನ ವೈದ್ಯರು ಎರಡನ್ನೂ ಮುಂದುವರಿಸಿದ್ದಾರೆ. ಮಾರ್ಫಿನ್ ಮಿದುಳು, ಬೆನ್ನುಹುರಿಗಳಲ್ಲಿ ನೋವಿನ ಸಂದೇಶವನ್ನು ತಗ್ಗಿಸಿದರೆ, ಸ್ಟೀರಾಯ್ಡ್ ಗೆಡ್ಡೆಯ ಸುತ್ತಲಿನ ಊತವನ್ನು ಇಳಿಸಿ ನರದ ಮೇಲಿನ ಒತ್ತಡವನ್ನು ಕಡಿಮೆ ಮಾಡುತ್ತದೆಯಂತೆ. ಸಂಜೆಯ ಸ್ಟೀರಾಯ್ಡ್ ಮಾತ್ರೆಯಿಂದ ನಿದ್ದೆಗೆಟ್ಟು ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದವರು, ಅದನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಿದ ಮೇಲೆ ಮಲಗುತ್ತಿದ್ದಾರೆ. ಮೊನ್ನೆ ಅರ್ಧ ಮುದ್ದೆ ಮುಗಿಸಿ, ಇನ್ನೊಂದು ಸೌಟು ಸಾರು ಬಿಡು ಎಂದರು. ಆದರೆ ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ 260ಕ್ಕೆ ಏರಿದ್ದರಿಂದ ಬೆಲ್ಲದ ಕಾಫಿ ನಿಂತಿದೆ (ಮಂಡ್ಯದವರಿಗೆ ಇದೇ ದೊಡ್ಡ ಶಿಕ್ಷೆ). ಮಾರ್ಫಿನ್‌ನಿಂದಾಗುವ ಮಲಬದ್ಧತೆಗೆ ಪ್ರತಿ ರಾತ್ರಿ ಔಷಧವಿದೆ. ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿರುವುದರಿಂದ ಹಳೆಯ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬೇಡವೆಂದು ವೈದ್ಯರು ಹೇಳಿದರು. ಸ್ಟೀರಾಯ್ಡನ್ನು ನಾವಾಗಿ ಥಟ್ಟನೆ ನಿಲ್ಲಿಸದೆ, ಅವರು ಬರೆದುಕೊಟ್ಟಂತೆ ಹಂತಹಂತವಾಗಿ ಇಳಿಸುತ್ತಿದ್ದೇವೆ.