ಅಪ್‌ಡೇಟ್: ಸಕ್ಕರೆ ಜೋಡಣೆ ವಿಧಾನದ ಪೇಟೆಂಟ್, ಮೇಲ್ಮನವಿ ಹಾಕಿದ್ದೇವೆ

ಎರಡು ಸಕ್ಕರೆ ಅಣುಗಳನ್ನು 1,2-ಸಿಸ್ ಬಂಧದಲ್ಲಿ (ಒಂದನೇ, ಎರಡನೇ ಕಾರ್ಬನ್ ಮೇಲಿನ ಗುಂಪುಗಳು ಉಂಗುರದ ಒಂದೇ ಬದಿಗಿರುವ ಜೋಡಣೆ) ಜೋಡಿಸುವ ನಮ್ಮ ವಿಧಾನಕ್ಕೆ ಪೇಟೆಂಟ್ ಕಚೇರಿಯವರು ಪೇಟೆಂಟ್ ನಿರಾಕರಿಸಿದ್ದಾರೆ, ಮುಂದೇನು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಅದೇ ಕಚೇರಿಯಲ್ಲಿ ಮರುಪರಿಶೀಲನೆ ಕೇಳುವುದು ಬಿಟ್ಟು ನೇರ ಹೈಕೋರ್ಟಿಗೇ ಹೋದೆವು. ಪೇಟೆಂಟ್ ಕಾಯ್ದೆಯ ಸೆಕ್ಷನ್ 117ಎ ಪ್ರಕಾರ ಮೇಲ್ಮನವಿಗೆ ಗಡುವು 3 ತಿಂಗಳು. (ಮೊದಲು ಇಂಥ ಮೇಲ್ಮನವಿ ಕೇಳುತ್ತಿದ್ದ ಮಂಡಳಿ ಐಪಿಎಬಿ 2021ರಲ್ಲೇ ರದ್ದಾಗಿದೆ, ಹಳೆಯ ಸಲಹೆಗಳನ್ನು ನಂಬಬೇಡಿ.)

ನಮ್ಮ ಮುಖ್ಯ ವಾದ ಇದು. ನಿರಾಕರಿಸಲು ಪೇಟೆಂಟ್ ಕಚೇರಿಯವರು ತೋರಿಸಿದ ಹಳೆಯ ಪ್ರಬಂಧದಲ್ಲಿ ಎರಡನೇ ಕಾರ್ಬನ್ ಮೇಲೆ ಅಸಿಟೈಲ್ ಗುಂಪಿದೆ. ಅದು ಪಕ್ಕದಿಂದ ಅಡ್ಡ ಬಂದು ಸಾಮಾನ್ಯವಾಗಿ ಟ್ರಾನ್ಸ್ (ಗುಂಪುಗಳು ಎದುರು ಬದಿಗಿರುವ) ಬಂಧವನ್ನೇ ಕೊಡುತ್ತದೆ. ಅದನ್ನು ಓದಿದವರಿಗೆ ಸಿಸ್ ದಾರಿ ಹೊಳೆಯುವುದು ಹೇಗೆ? ಆದೇಶದಲ್ಲಿ ಇದಕ್ಕೆ ಒಂದು ಸಾಲಿನ ಉತ್ತರವೂ ಇಲ್ಲ, ಸುಮ್ನೆ 'ಹೊಸತನವಿಲ್ಲ' ಅಂತ ಬರೆದಿದ್ದಾರೆ. ಸೆಕ್ಷನ್ 3(ಡಿ) ಆಕ್ಷೇಪಕ್ಕೆ (ಗೊತ್ತಿರುವ ಪ್ರಕ್ರಿಯೆಯ ಬರೀ ಬಳಕೆಗೆ ಪೇಟೆಂಟ್ ಇಲ್ಲ ಅನ್ನೋದು) ಉತ್ತರವಾಗಿ ನಮ್ಮ ವಿಧಾನದಲ್ಲಿ ಹೊಸ ರಿಯಾಕ್ಟೆಂಟ್ (ಕ್ರಿಯೆಯಲ್ಲಿ ಭಾಗವಹಿಸುವ ವಸ್ತು) ಇರುವುದನ್ನು ತೋರಿಸಿದ್ದೇವೆ.

ಗೆದ್ದರೂ ಬಹುಶಃ ಹೊಸದಾಗಿ ಪರಿಶೀಲಿಸಿ ಅಂತ ವಾಪಸ್ ಕಳಿಸಬಹುದು, ಪೇಟೆಂಟ್ ನೇರ ಕೈಗೆ ಬರುವುದು ಕಷ್ಟ ಅಂತಾರೆ ವಕೀಲರು.