ಒಪ್ಪೋ ಅಂಗಡಿ ಮುಚ್ಚಿದ ಮೇಲೆ

ಸೀನ ಅಮೆರಿಕ ಬಿಟ್ಟು ಬರುವಾಗ ಸೋಫಾ ಮಾರಿದ, ಕಾರು ಮಾರಿದ, ಡಿಸ್ಕ್ ಪ್ಲೇಯರ್ ಮಾತ್ರ ಮಾರಲಿಲ್ಲ. ಅದನ್ನು ಸ್ವೆಟರಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಜಯನಗರಕ್ಕೆ ತಂದ. ಒಪ್ಪೋ ಯುಡಿಪಿ-203. ಭಾನುವಾರ ಸಂಜೆ ಅದರ ದರ್ಶನಕ್ಕೆ ನಮಗೆಲ್ಲ ಕರೆ ಬಂತು.

"ಒಪ್ಪೋ ಅಂದ್ರೆ ಫೋನಲ್ವೇನಯ್ಯಾ?" ಅಂದರು ರಾಯರು. "ಕೊಹ್ಲಿ ಎದೆ ಮೇಲೆ ಬರೆದಿತ್ತಲ್ಲ?"

"ಅದು ಚೀನಾದ ಫೋನ್ ಕಂಪನಿ, ರಾಯರೇ. ಇದು ಅದರ ದಾಯಾದಿ, ಒಪ್ಪೋ ಡಿಜಿಟಲ್. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು. ಸುಮ್ನೆ ನೋಡ್ತಾ ಇರಿ."

ಸೀನ ಗುಂಡಿ ಒತ್ತಿದ. ಅಲ್ಯೂಮಿನಿಯಂ ಮುಖದ ನಟ್ಟನಡುವಿನಿಂದ ಟ್ರೇ ಮೆತ್ತಗೆ ಹೊರಗೆ ಬಂತು.

"ಸದ್ದು ಕೇಳಿಸ್ತಾ?"

"ಇಲ್ಲ."

"ಅದಕ್ಕೇ 549 ಡಾಲರ್."

ಡಿವಿಡಿಗಿಂತ ಸ್ಪಷ್ಟ ಚಿತ್ರದ ಬ್ಲೂ-ರೇ, ಅದಕ್ಕೂ ಸ್ಪಷ್ಟವಾದ 4ಕೆ, ಡಿವಿಡಿ, ಸಿಡಿ ಅಷ್ಟೇ ಅಲ್ಲ, ಸಂಗೀತಕ್ಕೆಂದೇ ಮಾಡಿದ ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋವನ್ನೂ ಇದು ಓದುತ್ತದಂತೆ. "ದುಂಡಗೆ, ತೆಳ್ಳಗೆ ಇದ್ದರೆ ಸಾಕು," ಅಂದ ಸೀನ. ರಾಯರು ಕೈಯಲ್ಲಿದ್ದ ಹಪ್ಪಳವನ್ನು ಒಮ್ಮೆ ನೋಡಿಕೊಂಡರು.

ವಿಶ್ವನಿಗೆ ಈ ಕಂಪನಿಯ ಪುರಾಣವೆಲ್ಲ ಬಾಯಿಪಾಠ. "ಲೆಕ್ಸಿಕಾನ್ ಕಥೆ ಹೇಳ್ಲಾ?" ಅಂತ ಕೇಳಿದವನು ಉತ್ತರಕ್ಕೂ ಕಾಯಲಿಲ್ಲ.

"ಲೆಕ್ಸಿಕಾನ್ ಅಂದ್ರೆ ದೊಡ್ಡ ಮನುಷ್ಯರ ಆಡಿಯೋ ಬ್ರ್ಯಾಂಡು. ಬಿಡಿ-30 ಅಂತ ಬ್ಲೂ-ರೇ ಪ್ಲೇಯರ್ ತಂದರು. ಬೆಲೆ 3,500 ಡಾಲರ್. ಮೇಲೆ ಚಿತ್ರ-ಧ್ವನಿಯ ಗುಣಮಟ್ಟಕ್ಕೆ ಕೊಡೋ ಟಿಎಚ್‌ಎಕ್ಸ್ ಮುದ್ರೆ ಬೇರೆ. 2010ರಲ್ಲಿ ಆಡಿಯೋಹಾಲಿಕ್ಸ್ ಅನ್ನೋ ವಿಮರ್ಶಕರು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು ನೋಡ್ತಾರೆ, ಒಳಗೆ ಒಪ್ಪೋ ಬಿಡಿಪಿ-83 ಕೂತಿದೆ! ಬೋರ್ಡು ಮಾತ್ರ ಅಲ್ಲ ರಾಯರೇ, ತಳದ ತಗಡಿನ ಸಮೇತ. ಅಂಗಡಿಯಲ್ಲಿ ಅದರ ಬೆಲೆ 499 ಡಾಲರ್."

"ಮಿಕ್ಕ ಮೂರು ಸಾವಿರ?"

"ಮುಚ್ಚಳಕ್ಕೆ."

ರಾಯರು ಬಹಳ ಹೊತ್ತು ನಕ್ಕರು. ಆಮೇಲೆ, "ಒಳಗಿದ್ದವನಿಗೆ ಮರ್ಯಾದೆ ಸಿಕ್ತಾ?" ಅಂದರು. ಸಿಕ್ಕಿತು. ಆ ಪ್ರಸಂಗದಿಂದ ಒಪ್ಪೋ ಹೆಸರು ಇನ್ನೂ ಮೇಲೇರಿತು. ಜಾಣರೆಲ್ಲ ಮುಚ್ಚಳ ಬಿಟ್ಟು ತಿರುಳು ಕೊಂಡರು. ಮುಂದೆ 1,299 ಡಾಲರಿನ ಯುಡಿಪಿ-205 ಬಂತು. ಹತ್ತು ಕೆಜಿ ತೂಕ, ಹೆಚ್ಚೂಕಡಿಮೆ ಅರ್ಧ ಮೂಟೆ ಅಕ್ಕಿ. ಸಂಗೀತದ ಹುಚ್ಚಿನವರು ಅದಕ್ಕೆ ಕೈ ಮುಗಿಯುತ್ತಿದ್ದರು.

"ಇಷ್ಟು ಚೆನ್ನಾಗಿದ್ದವರು ಮುಚ್ಚಿದ್ದೇಕೆ?"

2018ರ ಏಪ್ರಿಲ್ 2, ಸೋಮವಾರ. ಹೊಸ ಪ್ಲೇಯರ್‌ಗಳ ತಯಾರಿಕೆಯನ್ನು ಮೆಲ್ಲಗೆ ನಿಲ್ಲಿಸುತ್ತೇವೆ ಅಂತ ಕಂಪನಿ ಹೇಳಿತು. ಭಾನುವಾರ ರಜ, ಏಪ್ರಿಲ್ ಫೂಲ್ ತಮಾಷೆ ಒಂದು ದಿನ ತಡವಾಗಿದೆ ಅಂತಲೇ ಅಂದುಕೊಂಡನಂತೆ ಸೀನ. ತಮಾಷೆಯಾಗಿರಲಿಲ್ಲ. ಸುದ್ದಿ ನಿಜ ಅಂತ ಗೊತ್ತಾದದ್ದೇ ತಡ, ಜನ ಮುಗಿಬಿದ್ದರು. ಆರ್ಡರ್ ತಡೆಯಲಾರದೆ ಕಂಪನಿ ಇನ್ನೊಂದು ಕೊನೆಯ ಕಂತು ತಯಾರಿಸಬೇಕಾಯಿತು. ಆಮೇಲೆ ಸೆಕೆಂಡ್ ಹ್ಯಾಂಡ್ 205 ಹೊಸದರ ಬೆಲೆಯನ್ನೂ ದಾಟಿತು.

"ಸತ್ತ ಎಮ್ಮೆಗೆ ಸೇರು ಹಾಲು," ಅಂದರು ರಾಯರು.

"ನೆಟ್‌ಫ್ಲಿಕ್ಸ್ ಕೊಂದಿದ್ದು," ಅಂತ ಹಲ್ಲು ಕಡಿದ ಸೀನ. "4ಕೆ ಡಿಸ್ಕಿನಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ದಾಟಿಯೂ ಡೇಟಾ ಹರಿಯುತ್ತೆ. ಸ್ಟ್ರೀಮಿಂಗಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ಕತ್ತಲೆ ಸೀನು ಬಂದಾಗ ನೋಡಬೇಕು, ಗೋಡೆ ತುಂಬಾ ಚೌಕ ಚೌಕ!"

"ಅದಿರ್ಲಿ, ನೀನು ಕೊನೇ ಸಲ ಡಿಸ್ಕ್ ಕೊಂಡಿದ್ದು ಯಾವಾಗ?" ಅಂದ ವಿಶ್ವ.

ಸೀನ ರಿಮೋಟಿನ ಧೂಳು ಒರೆಸತೊಡಗಿದ. ಒಳಗಿನಿಂದ ಪದ್ಮಕ್ಕ, "ದಿನಾ ನೋಡೋದು ಮೊಬೈಲಲ್ಲಿ. ಅದೂ ಕನ್ನಡಕ ಇಲ್ಲದೆ," ಅಂದರು.

ನನಗೆ ಮೋಸರ್ ಬೇರ್ ನೆನಪಾಯಿತು. ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ದಿನಸಿ ಅಂಗಡಿಯಲ್ಲೂ ಸಿನಿಮಾ ಮಾರಿದ ನಮ್ಮ ದೇಶದ ಕಂಪನಿ. ಅದನ್ನೂ ಮುಚ್ಚಿ ಆಸ್ತಿ ಮಾರಿ ಅಂತ ಆದೇಶ ಬಂದದ್ದು ಅದೇ 2018ರಲ್ಲಿ. ಅಗ್ಗದವನೂ ದುಬಾರಿಯವನೂ ಒಂದೇ ವರ್ಷ ಪಂಕ್ತಿಯಿಂದ ಎದ್ದರು. ಮರುವರ್ಷ ಸ್ಯಾಮ್‌ಸಂಗ್ ಕೂಡ ಅಮೆರಿಕಕ್ಕೆ ಹೊಸ ಬ್ಲೂ-ರೇ ಪ್ಲೇಯರ್ ತರುವುದಿಲ್ಲ ಅಂದಿತು. ಒಪ್ಪೋ ಸೋತಿತು ಅಂತ ನನಗೆ ಅನಿಸುವುದಿಲ್ಲ. ಊಟ ಮುಗಿಯಿತು ಅಂತ ಗೊತ್ತಾಗಿ ಮೊದಲು ಎಲೆ ಮಡಿಸಿದವರು ಅವರೇ.

"ಏನಾದ್ರೂ ಹಾಕ್ರಯ್ಯಾ, ನೋಡೋಣ," ಅಂದರು ರಾಯರು.

ವಿಶ್ವ ತನ್ನ ಬ್ಲೂ-ರೇ ಹಾಕಿದ. ಡಿಸ್ಕಿಗೂ ಪ್ಲೇಯರಿಗೂ ದೇಶ ನೋಡಿ ಹಾಕುವ ಬೀಗವೊಂದಿದೆ, ರೀಜನ್ ಅಂತ. ಇಲ್ಲಿನ ಡಿಸ್ಕು ರೀಜನ್ ಸಿ, ಪ್ಲೇಯರು ಅಮೆರಿಕದ್ದು, ರೀಜನ್ ಎ. ಓಡಲಿಲ್ಲ. ಮನೆಯೆಲ್ಲ ಹುಡುಕಿದಾಗ ಸಿಕ್ಕಿದ್ದು ಸೀನನ ಮದುವೆಯ ಡಿವಿಡಿ. ಅದಕ್ಕೆ ರೀಜನ್ನಿನ ಹಂಗಿಲ್ಲ. ನಾದಸ್ವರ ಶುರುವಾಯಿತು, ಪರದೆ ತುಂಬಾ ಮಂಟಪ.

"ಡಿವಿಡಿನೂ 4ಕೆ ಮಾಡಿ ತೋರಿಸುತ್ತೆ!" ಸೀನನ ಮುಖ ಅರಳಿತು.

"ಡಿವಿಡಿಯಲ್ಲಿ ಇಲ್ಲದ್ದನ್ನ ಎಲ್ಲಿಂದ ತರುತ್ತೆ?"

ವಿಶ್ವ ಮೊಬೈಲಿನಲ್ಲಿ ಲೆಕ್ಕ ಹಾಕಿದ. "720ಕ್ಕೆ 576 ಚುಕ್ಕೆ ಡಿವಿಡಿ. 3,840ಕ್ಕೆ 2,160 ಪರದೆ. ಸರಿಯಾಗಿ 20 ಪಟ್ಟು. ಅಂದ್ರೆ 20 ಚುಕ್ಕೆಯಲ್ಲಿ ಒಂದು ಡಿಸ್ಕಿನದು. ಮಿಕ್ಕ 19 ಪ್ಲೇಯರಿನ ಅಂದಾಜು."

ಪದ್ಮಕ್ಕ ಕಾಫಿ ಲೋಟ ಹಿಡಿದು ಬಂದವರು, ಪರದೆಯ ಮೇಲೆ ತಾಳಿ ಕಟ್ಟುತ್ತಿದ್ದ ಸೀನನನ್ನು ಒಂದು ಗಳಿಗೆ ನಿಂತು ನೋಡಿದರು.

"ಆಗ ನಾನೂ ಹಾಗೇ ನೋಡಿದ್ದು," ಅಂದರು.