ರಷ್ಯನ್ 'ನೆಬೊ' ಬಹುವಚನದಲ್ಲಿ 'ನೆಬೆಸಾ' ಆಗುವುದೇಕೆ?

ಪ್ರಶ್ನೆ: ಮೇಡಂ, ರಷ್ಯನ್ ಕಲಿಯುತ್ತಿದ್ದೇನೆ. ಆಕಾಶಕ್ಕೆ 'ನೆಬೊ', ಬಹುವಚನದಲ್ಲಿ 'ನೆಬೆಸಾ'. ನಡುವೆ 'ಎಸ್' ಎಲ್ಲಿಂದ ನುಸುಳಿತು? ನಿಘಂಟು *ನೆಬೊ ಎಂಬ ಮೂಲ ಸ್ಲಾವಿಕ್ (ರಷ್ಯನ್ ಮತ್ತು ಅದರ ಬಂಧು ಭಾಷೆಗಳ ತಾಯಿ) ರೂಪಕ್ಕೆ ನಕ್ಷತ್ರ ಚಿಹ್ನೆ ಹಾಕಿದೆ. ನಮ್ಮ 'ನಭ'ವೇ ಅಲ್ಲಿಗೆ ಹೋಯಿತೇ?

ಉತ್ತರ (ಭಾಷಾವಿಜ್ಞಾನದ ಅಧ್ಯಾಪಕಿ): ಹೋಗಲೂ ಇಲ್ಲ, ಅಲ್ಲಿಂದ ಬರಲೂ ಇಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಸಂಸ್ಕೃತ, ಗ್ರೀಕ್, ಸ್ಲಾವಿಕ್ ಎಲ್ಲಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಮೂಲರೂಪ *ನೆಭೊಸ್. ಗ್ರೀಕಿನಲ್ಲಿ ನೆಫೊಸ್ ಎಂದರೆ ಮೋಡ, ಹಿಟ್ಟೈಟ್ ಭಾಷೆಯಲ್ಲಿ ನೆಪಿಶ್ ಎಂದರೆ ಆಕಾಶ. ನಕ್ಷತ್ರವಿದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಹೋಲಿಕೆಯಿಂದ ಊಹಿಸಿದ್ದು ಎಂದರ್ಥ. ಸ್ಲಾವಿಕ್ ಬರಹ ಶುರುವಾದದ್ದೇ 9ನೇ ಶತಮಾನದಲ್ಲಿ.

ಇನ್ನು 'ಎಸ್' ನುಸುಳಿದ್ದಲ್ಲ, ಮೊದಲಿನಿಂದ ಇದ್ದದ್ದು. ಮನಸ್, ತಪಸ್‌ಗಳಂತೆ ನಭಸ್ ಕೂಡ ಸಕಾರಾಂತ ನಪುಂಸಕಲಿಂಗ. ಕನ್ನಡ ಕೊನೆಗೆ ಉಕಾರ ಸೇರಿಸಿ 'ಮನಸ್ಸು' ಎಂದು ಆ ಸಕಾರವನ್ನು ಉಳಿಸಿಕೊಂಡಿತು. ಸ್ಲಾವಿಕ್ ಪದಾಂತ್ಯದ ವ್ಯಂಜನಗಳನ್ನೆಲ್ಲ ಕೈಬಿಟ್ಟಿತು, ಪ್ರಥಮಾ ಏಕವಚನ ಬರೀ *ನೆಬೊ ಆಯಿತು. ಪ್ರತ್ಯಯ ಹತ್ತಿದ ಕಡೆ ಸಕಾರ ಭದ್ರ: ಷಷ್ಠಿ *ನೆಬೆಸೆ, ಚತುರ್ಥಿ *ನೆಬೆಸಿ, ಬಹುವಚನ *ನೆಬೆಸಾ. ಷಷ್ಠಿಯನ್ನು ಸಂಸ್ಕೃತದ 'ನಭಸಃ' ಪಕ್ಕದಲ್ಲಿಟ್ಟು ನೋಡಿ.

ನನಗೆ ಇಷ್ಟವಾದದ್ದು ಸ್ವರದ ಆಟ. ಸಕಾರದ ಹಿಂದಿನ ಸ್ವರ ಪ್ರಥಮಾ ಏಕವಚನದಲ್ಲಿ 'ಒ', ಉಳಿದೆಡೆ 'ಎ'. ಸಂಸ್ಕೃತದಲ್ಲಿ ಈ ಎರಡೂ 'ಅ' ಆಗಿಬಿಟ್ಟವು, ಗುರುತೇ ಸಿಗದು. ಹಳೆಯದೆಲ್ಲ ಸಂಸ್ಕೃತದಲ್ಲೇ ಇದೆ ಎನ್ನುವವರು ಇಲ್ಲಿ ಸ್ಲಾವಿಕ್ಕಿನ ಬಾಗಿಲು ತಟ್ಟಲೇಬೇಕು.

ಪ್ರಶ್ನೆ: ಆದರೆ ನನ್ನ ಪಠ್ಯದಲ್ಲಿ ಷಷ್ಠಿ 'ನೆಬಾ' ಎಂದಿದೆಯಲ್ಲ?

ಉತ್ತರ: ಅದು ಸರಿಯೇ. 'ಸೆಲೊ' (ಹಳ್ಳಿ) ತರಹದ ಸಾಮಾನ್ಯ ನಪುಂಸಕ ಪದಗಳು ಸಂಖ್ಯೆಯಲ್ಲಿ ಹೆಚ್ಚು. ಸಕಾರಾಂತ ಪದಗಳ ಈ ಸಣ್ಣ ಗುಂಪನ್ನು ತಮ್ಮತ್ತ ಎಳೆದುಕೊಂಡವು. ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲೇ (ಸ್ಲಾವಿಕ್‌ನ ಮೊದಲ ಬರಹದ ಭಾಷೆ) ಈ ಗುಂಪಿನ ಪದಗಳು ಹೊಯ್ದಾಡುತ್ತಿದ್ದವು. ರಷ್ಯನ್ನಿನಲ್ಲಿ ನೆಬೆಸಾ, ಚುದೆಸಾ (ಪವಾಡಗಳು) ಎಂಬ ಬಹುವಚನಗಳಲ್ಲಿ ಹಳೆಯದು ಉಳಿದಿದೆ. 'ಸ್ಲೊವೊ' (ಮಾತು) ಸಂಸ್ಕೃತದ 'ಶ್ರವಸ್'ನ ಬಂಧು. ಅದರ ಬಹುವಚನ ಸ್ಲೊವಾ, ಆದರೂ 'ಸ್ಲೊವೆಸ್ನಿ' ಎಂಬ ವಿಶೇಷಣದಲ್ಲಿ ಸಕಾರ ಅಡಗಿದೆ. ಸ್ಲೊವೇನಿಯನ್ ಹಟಮಾರಿ: 'ತೆಲೊ' (ದೇಹ), ಷಷ್ಠಿ ಏಕವಚನ ಇಂದಿಗೂ 'ತೆಲೆಸಾ'.

ಇನ್ನೊಬ್ಬ ಸದಸ್ಯರು: ಅಂಗುಳಕ್ಕೆ ರಷ್ಯನ್ನಿನಲ್ಲಿ 'ನ್ಯೊಬೊ' ಅನ್ನುತ್ತಾರೆ. ಅದೂ ಇದೇ ಪದವೇ?

ಉತ್ತರ: ಇದೇ. ಉಚ್ಚಾರದಲ್ಲಿ ಒತ್ತು ಬಿದ್ದ 'ಎ', ಗಡಸು (ಯಕಾರದ ಛಾಯೆಯಿಲ್ಲದ) ವ್ಯಂಜನಕ್ಕೆ ಮೊದಲು ಬಂದಾಗ 'ಯೊ' ಆಗುವುದು ರಷ್ಯನ್ನಿನ ಸಹಜ ನಡೆ. ಆಕಾಶದ ಪದ ಚರ್ಚಿನ ಭಾಷೆಯ ಪ್ರಭಾವದಿಂದ 'ಎ' ಉಳಿಸಿಕೊಂಡಿತು. ಮುದ್ರಣದಲ್ಲಿ 'ಯೊ' ಅಕ್ಷರದ ಮೇಲಿನ ಎರಡು ಚುಕ್ಕೆಗಳನ್ನು ಸಾಮಾನ್ಯವಾಗಿ ಬಿಡುವುದರಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಗೊಂದಲವಾದರೆ ಬಹುವಚನ ನೋಡಿ: ಅಂಗುಳದ್ದು 'ನ್ಯೊಬಾ', ಅದರಲ್ಲಿ 'ಎಸ್' ಇಲ್ಲ.